ನೇಕಾರರ ಪಾದವೂ ಸಕ್ಕರೆಯೂ



ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ನಡೆಸುವ ಹಿರಿಯರೊಬ್ಬರು ನನ್ನ ಬಳಿ ಬಂದಿದ್ದರು. "ಮಗ್ಗದ ಮುಂದೆ ನಿಂತೂ ನಿಂತೂ ಕಾಲು ಜೋಮು ಹಿಡೀತಿದೆ ಅಂದ್ಕೊಂಡಿದ್ದೆ ಸಾರ್. ಶುಗರ್ ಇರೋದು ರಕ್ತದಲ್ಲಿ ಅಲ್ವಾ, ಪಾದಕ್ಕೆ ಯಾಕೆ ಇಳೀತು?" ಎಂದು ಕೇಳಿದರು. ವೈದ್ಯಲೋಕವೂ ಇದೇ ಪ್ರಶ್ನೆಯ ಬೆನ್ನು ಹತ್ತಿ ಹಲವು ದಶಕ ಅಲೆದಿದೆ.

1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಸಿಕ್ಕಿತು. ಸಾವಿನ ದವಡೆಯಲ್ಲಿದ್ದ ಮಕ್ಕಳು ಬದುಕಿಕೊಂಡರು. ಆದರೆ ಹಾಗೆ ಬದುಕಿದವರಿಗೆ ವರ್ಷಗಳು ಉರುಳಿದಂತೆ ಕಣ್ಣು, ಮೂತ್ರಪಿಂಡ, ನರಗಳು ಕೆಡತೊಡಗಿದವು.

ಯಾಕೆ ಎಂಬುದರ ಒಂದು ಸುಳಿವು ಬೇರೆಯದೇ ಹುಡುಕಾಟದಲ್ಲಿ ಸಿಕ್ಕಿತು. 1943ರ ಗ್ಲಾಸ್ಗೋ. ಯುದ್ಧದ ಕಾಲ. ಮೈ ಜಜ್ಜಿಹೋದವರ ಮೂತ್ರಪಿಂಡ ಯಾಕೆ ಕೆಲಸ ನಿಲ್ಲಿಸುತ್ತದೆ ಎಂದು ಹುಡುಕುತ್ತಿದ್ದ ಶಾ ಡನ್ ಮತ್ತು ಸಂಗಡಿಗರು ಮೊಲಗಳಿಗೆ ಅಲೋಕ್ಸಾನ್ ಎಂಬ ರಾಸಾಯನಿಕ ಚುಚ್ಚಿದರು. ನೋಡಿದರೆ, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳೇ ಸತ್ತುಬಿದ್ದಿದ್ದವು! ಆ ರಾಸಾಯನಿಕ ಕೋಶದೊಳಗೆ ಆಮ್ಲಜನಕದ ಪುಂಡ ಕಣಗಳನ್ನು, ಅಂದರೆ ಫ್ರೀ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ, ಅವನ್ನು ತಡೆಯುವ ಕಾವಲು ಬೀಟಾ ಕೋಶಗಳಲ್ಲಿ ತೀರಾ ಕಡಿಮೆ ಎಂಬುದು ತಿಳಿಯಲು ಮತ್ತೆ ದಶಕಗಳೇ ಬೇಕಾದವು. 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ಅಂಥ ಒಬ್ಬ ಕಾವಲುಗಾರನನ್ನು, ಒಂದು ಕಿಣ್ವವನ್ನು, ದನದ ರಕ್ತದಲ್ಲಿ ಗುರುತಿಸಿದರು. ಪುಂಡರು ಹೆಚ್ಚಿ ಕಾವಲು ಸಾಲದಾಗುವ ಸ್ಥಿತಿಗೆ 1985ರಲ್ಲಿ ಜರ್ಮನಿಯ ಹೆಲ್ಮುಟ್ ಸೀಸ್ ಹೆಸರಿಟ್ಟರು. ನಾವು ಅದನ್ನು ಉತ್ಕರ್ಷಣ ಒತ್ತಡ ಎನ್ನುತ್ತೇವೆ.

ನಮ್ಮ ನೇಕಾರರ ಪ್ರಶ್ನೆಗೆ ತಕ್ಕ ಉತ್ತರ ಕೊಟ್ಟವರು ಮೈಕಲ್ ಬ್ರೌನ್‌ಲೀ, 2001ರಲ್ಲಿ. ಮೈಯ ಹೆಚ್ಚಿನ ಕೋಶಗಳು ರಕ್ತದಲ್ಲಿ ಸಕ್ಕರೆ ಏರಿದಾಗ ಬಾಗಿಲು ಓರೆ ಮಾಡಿಕೊಳ್ಳುತ್ತವೆ. ಕಣ್ಣಿನ ಪರದೆಯ ಸಣ್ಣ ರಕ್ತನಾಳ, ಮೂತ್ರಪಿಂಡ, ಕಾಲಿನ ನರ, ಇವಕ್ಕೆ ಆ ಚಾಳಿಯಿಲ್ಲ. ಬಂದಷ್ಟೂ ಸಕ್ಕರೆ ಒಳಗೆ. ಮಿತಿಮೀರಿ ಓಡಿಸಿದ ಮಗ್ಗದಲ್ಲಿ ಎಳೆ ಕಡಿದ ಹಾಗೆ, ಸಕ್ಕರೆ ಉರಿಸುವ ಮೈಟೊಕಾಂಡ್ರಿಯಾದಿಂದ ಎಲೆಕ್ಟ್ರಾನ್‌ಗಳು ಜಾರಿ ಆಮ್ಲಜನಕಕ್ಕೆ ಅಂಟುತ್ತವೆ. ಪುಂಡ ಹುಟ್ಟುವುದು ಅಲ್ಲಿಯೇ, ನರ ಕೆಡಿಸುವುದೂ ಅವನೇ.

ಹಾಗಾದರೆ ಪುಂಡರನ್ನು ತಡೆಯುವ ವಿಟಮಿನ್ ಮಾತ್ರೆ ನುಂಗಿದರೆ ಸಾಕಲ್ಲ? ಜಾಹೀರಾತುಗಳು ಈಗಲೂ ಹಾಗೇ ನಂಬಿಸುತ್ತವೆ. 2000ದಲ್ಲಿ ಪ್ರಕಟವಾದ ಹೋಪ್ ಅಧ್ಯಯನದಲ್ಲಿ 9,500ಕ್ಕೂ ಹೆಚ್ಚು ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ವಿಟಮಿನ್ ಇ, ಇನ್ನೊಂದಕ್ಕೆ ಬರೀ ಹುಸಿ ಮಾತ್ರೆ ಕೊಟ್ಟು ನಾಲ್ಕೂವರೆ ವರ್ಷ ನೋಡಿದರು. ಹೃದಯಾಘಾತವೇನೂ ತಗ್ಗಲಿಲ್ಲ. ಅತ್ತ 1993ರಲ್ಲೇ ಅಮೆರಿಕದ ಡಿಸಿಸಿಟಿ ಅಧ್ಯಯನ, ಇನ್ಸುಲಿನ್ ಅವಲಂಬಿಸಿದವರು ಸಕ್ಕರೆಯನ್ನು ಬಿಗಿಯಾಗಿ ಹಿಡಿದರೆ ನರದ ತೊಂದರೆ ಶೇ. 60ರಷ್ಟು ಇಳಿಯುತ್ತದೆಂದು ತೋರಿಸಿತ್ತು.

ಹಿರಿಯರನ್ನು ಮಂಚದ ಮೇಲೆ ಮಲಗಿಸಿ, ಕಣ್ಣು ಮುಚ್ಚಿಸಿ, ಪಾದಕ್ಕೆ ನೈಲಾನ್ ಎಳೆ ತಾಗಿಸಿದೆ. ಇದೇ ನಮ್ಮ ಪರೀಕ್ಷೆ. "ತಾಕ್ತು... ತಾಕ್ತು..." ಎಂದರು. ಹೆಬ್ಬೆರಳಿಗೆ ಬಂದಾಗ ಮಾತಿಲ್ಲ. ಐವತ್ತು ವರ್ಷ ಎಳೆ ಹಿಡಿದವರು. ಸ್ವಲ್ಪ ಹೊತ್ತು ಬಿಟ್ಟು, "ಶುರು ಮಾಡಿ ಸಾರ್" ಎಂದರು.