ಮರೆವಿನ ಕಾಯಿಲೆಯ ಹಿರಿಯರೂ ನಮ್ಮ ಮನೆಯೂ



ಕುಟುಂಬ ಕಲ್ಯಾಣವೆಂದೊಡನೆ ತಾಯಿ ಮತ್ತು ಮಗುವಿನ ವಿಚಾರವೇ ನಿಮ್ಮ ನೆನಪಿಗೆ ಬರುವುದು ಸಹಜ. ಇಂದು ನಾನು ನಿಮ್ಮ ಅತ್ತೆ ಮಾವಂದಿರನ್ನೂ ತಂದೆ ತಾಯಿಯರನ್ನೂ ಕುರಿತು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಅರುವತ್ತಕ್ಕೆ ಅರಳುಮರಳು ಎಂಬ ಗಾದೆ ನಮ್ಮಲ್ಲಿ ಪ್ರಚಲಿತವಾಗಿದೆ. ಈ ಗಾದೆಯಿಂದ ಆಗಿರುವ ಅನ್ಯಾಯ ಅಷ್ಟಿಷ್ಟಲ್ಲ. ವಯಸ್ಸಾದವರೆಲ್ಲರಿಗೂ ಬುದ್ಧಿ ಮಂಕಾಗುವುದಿಲ್ಲ. 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಅಂದಾಜಿನಂತೆ, ನಮ್ಮ ದೇಶದಲ್ಲಿ 60 ವರ್ಷ ದಾಟಿದ ನೂರು ಮಂದಿಯಲ್ಲಿ ಸುಮಾರು 7 ಮಂದಿಗೆ ಡಿಮೆನ್ಷಿಯಾ ಎಂಬ ಮೆದುಳಿನ ಕಾಯಿಲೆಯಿದೆ. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿಯೇ ಇದರ ಪ್ರಮಾಣ ಹೆಚ್ಚು. ಹಿರಿಯರು ಹಟ ಮಾಡುತ್ತಿದ್ದಾರೆಂದಾಗಲಿ, ಗಾಳಿ ಸೋಂಕಿದೆಯೆಂದಾಗಲಿ ಭಾವಿಸುವುದು ಸರಿಯಲ್ಲ. ಈ ಕಾಯಿಲೆಯಲ್ಲಿ ಈಚಿನ ಸಂಗತಿಗಳು ಮೊದಲು ಮರೆಯುತ್ತವೆ. ಹಳೆಯವು ಬಹುಕಾಲ ಉಳಿಯುತ್ತವೆ. ಬೆಳಿಗ್ಗೆ ಉಂಡದ್ದನ್ನು ಮರೆತ ತಾಯಿಗೆ, ಐವತ್ತು ವರ್ಷಗಳ ಹಿಂದೆ ತಾನು ತುಂಬಿಕೊಂಡ ಮನೆಯ ಹೊಸ್ತಿಲು ಚೆನ್ನಾಗಿ ನೆನಪಿರುತ್ತದೆ.

ಪಾಲಾದ ಮೇಲೆ ತಾಯಿಯನ್ನು ಒಬ್ಬೊಬ್ಬ ಮಗನು ಒಂದೊಂದು ತಿಂಗಳು ಇರಿಸಿಕೊಳ್ಳುವ ವಾಡಿಕೆ ಹಲವು ಕುಟುಂಬಗಳಲ್ಲಿದೆ. ನೋಡುವವರಿಗೆ ಇದು ನ್ಯಾಯವಾಗಿಯೇ ತೋರುತ್ತದೆ. ಕಾಯಿಲೆಯ ತಾಯಿಗೆ ಮಾತ್ರ ಇದು ಶಿಕ್ಷೆ. ಬಚ್ಚಲು ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದನ್ನು ಹೊಸದಾಗಿ ಕಲಿಯುವ ಶಕ್ತಿ ಆಕೆಯಲ್ಲಿ ಉಳಿದಿರುವುದಿಲ್ಲ. ಅಷ್ಟಿಷ್ಟು ಹೊಂದಿಕೊಳ್ಳುವ ವೇಳೆಗೆ ಮತ್ತೆ ಗಂಟು ಕಟ್ಟಬೇಕಾಗುತ್ತದೆ. ರಾತ್ರಿ ದಾರಿ ತಿಳಿಯದೆ ಮೂಲೆಯಲ್ಲಿ ಮೂತ್ರ ಮಾಡಿದರೆ ಬೈಗುಳ. "ನಮ್ಮ ಮನೆಗೆ ಹೋಗುತ್ತೇನೆ" ಎಂದು ಹೊರಟರೆ ಊರೆಲ್ಲ ಹುಡುಕಾಟ. ಆದುದರಿಂದ ತಾಯಿ ತನಗೆ ಪರಿಚಿತವಾದ ಒಂದೇ ಮನೆಯಲ್ಲಿರಲಿ, ಸರದಿ ಮಕ್ಕಳದಾಗಲಿ. ಉಳಿದ ಮಕ್ಕಳು ಅಲ್ಲಿಗೇ ಬಂದು ರಾತ್ರಿ ಮಲಗಬಹುದು, ಖರ್ಚಿನಲ್ಲಿ ಪಾಲು ಕೊಡಬಹುದು. ಗಂಡಸರಿಗೆ ಇಲ್ಲಿ ಒಂದು ಮಾತು: ಸ್ನಾನ, ಊಟ, ಬಟ್ಟೆಗಳೆಲ್ಲವನ್ನೂ ಹೆಂಡತಿಗೆ ಒಪ್ಪಿಸಿ ತಾವು ಅರಳಿಕಟ್ಟೆಯಲ್ಲಿ ಕುಳಿತುಕೊಳ್ಳುವುದು ಸಲ್ಲದು. ಹೆತ್ತ ತಾಯಿಗೆ ಉಣಬಡಿಸಲು ನಾಚಿಕೆಯೇಕೆ?

ಮನೆಯಲ್ಲಿ ಮಾಡಬೇಕಾದ ಮಾರ್ಪಾಡುಗಳಿಗೆ ಹೆಚ್ಚು ಹಣ ಬೇಡ. ಹಿರಿಯರ ಹಾಸಿಗೆ, ಪೆಟ್ಟಿಗೆ, ಎಲೆಅಡಿಕೆಯ ಚೀಲ ಮೊದಲಿದ್ದ ಜಾಗದಲ್ಲಿಯೇ ಇರಲಿ. ಹಾಸಿಗೆಯಿಂದ ಪಾಯಖಾನೆಯವರೆಗೆ ರಾತ್ರಿಯಿಡೀ ಸಣ್ಣ ದೀಪವೊಂದು ಉರಿಯಲಿ. ಅದರ ಬಾಗಿಲಿಗೆ ಗೋಡೆಯಿಂದ ಎದ್ದು ಕಾಣುವ ಬಣ್ಣ ಬಳಿದು, ಒಳಗಿನ ಚಿಲಕವನ್ನು ತೆಗೆದುಹಾಕಿರಿ. ಹೊಸ್ತಿಲಿನ ಅಂಚಿಗೂ ಬಿಳಿಯ ಬಣ್ಣವಿರಲಿ. ಬಚ್ಚಲಿನ ಪಾಚಿಯನ್ನು ಉಜ್ಜಿ ತೆಗೆದು, ಹಿಡಿದುಕೊಳ್ಳಲು ಗೋಡೆಗೆ ಗಟ್ಟಿಯಾದ ಕಂಬಿಯನ್ನು ಹಾಕಿಸಿರಿ. ಕನ್ನಡಿಯಲ್ಲಿ ತಮ್ಮನ್ನೇ ಕಂಡು ಯಾರೋ ಬಂದರೆಂದು ಅಂಜುವವರಿದ್ದರೆ ಅದನ್ನು ಬಟ್ಟೆಯಿಂದ ಮುಚ್ಚಿರಿ.

ಎಲ್ಲಕ್ಕಿಂತ ಅಪಾಯಕರವಾದುದು ಬೆಳೆಗೆ ಸಿಂಪಡಿಸುವ ಔಷಧಿ. ಅದನ್ನು ಶರಬತ್ತಿನ ಹಳೆಯ ಬಾಟಲಿಯಲ್ಲಿ ತುಂಬಿ ಗೂಡಿನಲ್ಲಿಟ್ಟರೆ ಕಾಯಿಲೆಯವರು ನೀರೆಂದು ಕುಡಿದಾರು. ಅದನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಯೇ ಇಡಬೇಕು. ಬಾವಿಗೂ ಕೃಷಿಹೊಂಡಕ್ಕೂ ಬೇಲಿಯಿರಲಿ. ಹಿರಿಯರನ್ನು ಒಳಗೆ ಕೂಡಿ ಬೀಗ ಹಾಕಿ ಹೊಲಕ್ಕೆ ಹೋಗಬಾರದು; ಬೆಂಕಿ ಹೊತ್ತಿಕೊಂಡರೆ ಹೊರಬರುವ ದಾರಿಯೇ ಇರುವುದಿಲ್ಲ. ಅದರ ಬದಲು ಮುಂಬಾಗಿಲಿಗೆ ದನದ ಕೊರಳ ಗಂಟೆಯನ್ನು ಕಟ್ಟಿರಿ, ನೆರೆಯವರಿಗೆ ವಿಷಯ ತಿಳಿಸಿರಿ, ಹಿರಿಯರ ಹೆಸರು ಮತ್ತು ನಿಮ್ಮ ದೂರವಾಣಿ ಸಂಖ್ಯೆಯನ್ನು ಬರೆದ ಚೀಟಿಯನ್ನು ಅವರ ಉಡುಪಿನಲ್ಲಿ ಹೊಲಿದಿಡಿರಿ.

ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟುವವರು, ಹಿರಿಯರ ಮಲಗುವ ಜಾಗವನ್ನು ಮೊದಲಿನ ದಿಕ್ಕಿನಲ್ಲಿಯೇ ಇರಿಸಿ, ಪಾಯಖಾನೆಯ ಬಾಗಿಲು ಅಲ್ಲಿಂದ ಕಾಣುವಂತೆ ಯೋಜಿಸುವುದು ಒಳ್ಳೆಯದು.

ಮರೆವು ಕಂಡೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿರಿ. ಥೈರಾಯ್ಡ್ ದೋಷ, ಬಿ-12 ಜೀವಸತ್ವದ ಕೊರತೆ, ಖಿನ್ನತೆ ಇವುಗಳಿಂದ ಬಂದ ಮರೆವು ಚಿಕಿತ್ಸೆಯಿಂದ ಕಡಿಮೆಯಾಗಬಹುದು. ಒಂದೆರಡು ದಿನಗಳಲ್ಲಿಯೇ ಹಠಾತ್ತನೆ ಗೊಂದಲವುಂಟಾದರೆ ತಡಮಾಡಬೇಡಿರಿ; ಸೋಂಕು ಅಥವಾ ಪಾರ್ಶ್ವವಾಯು ಅದಕ್ಕೆ ಕಾರಣವಿರಬಹುದು. ಆರೈಕೆ ಮಾಡಿ ಬೇಸತ್ತವರು 14416 ಸಂಖ್ಯೆಯ ಟೆಲಿ ಮಾನಸ್‌ಗೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಹಿರಿಯ ನಾಗರಿಕರ ಸಹಾಯವಾಣಿಯ ಸಂಖ್ಯೆ 14567.