ಕೆಲವೇ ನಿಮಿಷಗಳ ಮಾತು

ಗೊರೂರಿನ ನನ್ನ ಹಳೆಯ ಶಿಷ್ಯರೊಬ್ಬರ ಮಗ ಕಳೆದ ವರ್ಷ ಒಂದು ಭಾಷಣವನ್ನು ತಿದ್ದಿಸಿಕೊಳ್ಳಲು ಬಂದಿದ್ದ. ನಮ್ಮ ಜಿಲ್ಲೆಯ ಆಲೂಗೆಡ್ಡೆಯನ್ನು ಹೊಲದಿಂದ ನೇರವಾಗಿ ಬೆಂಗಳೂರಿಗೆ ಮುಟ್ಟಿಸುವ ಸಣ್ಣ ಸ್ಟಾರ್ಟಪ್ ಅವನದು. ರಾಜ್ಯ ಸರ್ಕಾರ 2017ರಲ್ಲಿ ಆರಂಭಿಸಿದ 'ಎಲಿವೇಟ್' ಸ್ಪರ್ಧೆಯಲ್ಲಿ ಗೆದ್ದವರಿಗೆ 50 ಲಕ್ಷ ರೂಪಾಯಿವರೆಗೆ ಅನುದಾನವುಂಟು; ಆದರೆ ತೀರ್ಪುಗಾರರ ಮುಂದೆ ಮಾತಿಗೆ ದೊರೆಯುವುದು ಕೆಲವೇ ನಿಮಿಷ.

ಭಾಷಣದಲ್ಲಿ ಉಪಮೆಗಳಿಗೇನೂ ಕೊರತೆಯಿರಲಿಲ್ಲ. (ಆ ದೋಷಕ್ಕೆ ಕನ್ನಡ ಮೇಷ್ಟರಾದ ನಾವೂ ಹೊಣೆಗಾರರೇ.) ಮೂಟೆಯೊಂದಕ್ಕೆ ಸಾಗಾಣಿಕೆ ವೆಚ್ಚವೆಷ್ಟು, ಮಳೆಯಲ್ಲಿ ಕಿತ್ತ ಗೆಡ್ಡೆ ಕೊಳೆಯುವುದೆಷ್ಟು, ಕೊಳ್ಳುವವರು ಈಗ ಯಾರಿಂದ ಕೊಳ್ಳುತ್ತಿದ್ದಾರೆ ಎಂದು ಕೇಳಿದೆ. ಉತ್ತರವಿರಲಿಲ್ಲ.

ಗೊರೂರಿನಲ್ಲೇ ಬೆಳೆದ ಕ್ಯಾಪ್ಟನ್ ಗೋಪಿನಾಥರ ಕತೆಯನ್ನು ಅವನಿಗೆ ನೆನಪಿಸಿದೆ. ಹೇಮಾವತಿ ಅಣೆಕಟ್ಟಿನಲ್ಲಿ ಮನೆತನದ ಜಮೀನು ಮುಳುಗಿತು. ಸೈನ್ಯ ಬಿಟ್ಟುಬಂದಿದ್ದ ಅವರು ಬರಡು ನೆಲದಲ್ಲಿ ಬೇಸಾಯ ಹೂಡಿ ರೇಷ್ಮೆ ಬೆಳೆದರು. 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದರು. ಅವರ ಕಣ್ಣು ಇದ್ದದ್ದು ಬೇರೆ ವಿಮಾನಗಳ ಪ್ರಯಾಣಿಕರ ಮೇಲಲ್ಲ, ರೈಲಿನವರ ಮೇಲೆ. ಆ ಒಂದು ಎಣಿಕೆಯಿಂದಲೇ ವಿಮಾನದೊಳಗಿನ ಉಚಿತ ಊಟ ನಿಂತಿತು. 48 ಆಸನಗಳ ಎಟಿಆರ್ ವಿಮಾನಗಳು ಸಣ್ಣ ಊರುಗಳಿಗೆ ಇಳಿದವು.

"ಕೊನೆಗೆ ನಷ್ಟವಾಯಿತಲ್ಲ ಮೇಷ್ಟ್ರೇ?" ಎಂದ. ಆಯಿತು, 2008ರಲ್ಲಿ ಆ ಸಂಸ್ಥೆ ಕಿಂಗ್‌ಫಿಷರ್‌ನಲ್ಲಿ ಲೀನವಾಯಿತು. "ಅದನ್ನೂ ಓದಿಕೋ, ತೀರ್ಪುಗಾರರು ಕೇಳುವುದು ಅದನ್ನೇ" ಎಂದೆ.

ಹುಡುಗ ಕೊಂಚ ಮುನಿದೇ ಹೋದ. ಮೂರು ವಾರ ನಸುಕಿನಲ್ಲೆದ್ದು ಹಾಸನದ ಮಾರುಕಟ್ಟೆಯಲ್ಲಿ ಲಾರಿಯವರೊಡನೆ ನಿಂತಿದ್ದನಂತೆ. ಅನಂತರ ತಂದ ಪ್ರತಿ ಒಂದೇ ಪುಟದ್ದು. ಮೊದಲ ವಾಕ್ಯವೇ ಮೂಟೆಯ ಬಾಡಿಗೆ. ನಾನು ತಿದ್ದಿದ್ದು ಒಂದು ಒತ್ತಕ್ಷರವನ್ನು ಮಾತ್ರ.