ಲೇಸರ್ ಉರಿಗೆ ಮೊದಲು ತಣ್ಣೀರು

ಚೆಂಬೂರಿನ ಗೆಳತಿಯರೇ, ಮದುವೆ ಸೀಸನ್ನಿಗೆ ಮುಂಚೆ ಲೇಸರ್‌ನಲ್ಲಿ ಕೂದಲು ತೆಗೆಸುವ ಯೋಚನೆಯೇ? ಒಂದು ಮಾತು ಕೇಳಿ. ಲೇಸರ್ ಬೆಳಕು ಹುಡುಕುವುದು ಮೆಲನಿನ್ ಎಂಬ ಕಪ್ಪು ಬಣ್ಣವನ್ನು. ಅದು ಕೂದಲ ಬುಡದಲ್ಲೂ ಇದೆ, ಚರ್ಮದಲ್ಲೂ ಇದೆ. ಮೈಬಣ್ಣ ಗಾಢವಾದಷ್ಟೂ ಸುಡುವ ಭಯ ಹೆಚ್ಚು. ಅಂಥವರಿಗೆ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ಯಾವ ಯಂತ್ರ ಎಂದು ಕೇಳಿ. ಮೊದಲು ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡಿಸಿ.

ಸುಟ್ಟರೆ ತಕ್ಷಣ 20 ನಿಮಿಷ ನಲ್ಲಿಯ ತಣ್ಣೀರು ಬಿಡಿ. ಐಸ್, ಟೂತ್‌ಪೇಸ್ಟ್, ಅರಿಶಿನ ಬೇಡ. ನೀರುಗುಳ್ಳೆ ಒಡೆಯಬೇಡಿ, ಚರ್ಮವೈದ್ಯರಿಗೆ ತೋರಿಸಿ. ಮೇಲ್ಪದರದ ಗಾಯ ಒಂದೆರಡು ವಾರದಲ್ಲಿ ಆರೀತು, ಕಲೆ ಮಾಸಲು ತಿಂಗಳುಗಳೇ ಬೇಕು. ಗಾಯ ಆರಿದ ಮೇಲೆ ಡೈಮಂಡ್ ಗಾರ್ಡನ್ನಿಗೆ ಹೊರಟರೂ ಸನ್‌ಸ್ಕ್ರೀನ್ ಇರಲಿ.

ಮನೆಯಲ್ಲಿ ಬೈಯುತ್ತಾರೆಂದು ಮಾತ್ರ ಮುಚ್ಚಿಡಬೇಡಿ. ಬೈಗುಳ ಸಂಜೆಗೆ ಮುಗಿಯುತ್ತದೆ, ಕೀವಾದ ಗಾಯ ಹಾಗಲ್ಲ.